ಮೂರನೇ ನಂಬರಿನ ಟೈಪ್‌ರೈಟರ್

"ಈ ಮಿಷಿನ್‌ಗೆ ಕೊಬ್ಬರಿ ಎಣ್ಣಿ ಹಾಕಿದವ್ರು ಯಾರು?!"

ಒಂದೇ ಕೂಗು! ತಾಂಡೂರಿನ ವೈಜಿನಾಥ ಮಾಸ್ತರರ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಟಕಟಕ ಎನ್ನುತ್ತಿದ್ದ ಉಳಿದ ನಾಲ್ಕೂ ಮಿಷಿನ್‌ಗಳು ಗಪ್ಪಾದವು.

ಕೂಗಿದವನು ಆತ್ಮಾರಾಮ. ಜಹೀರಾಬಾದಿನ ಟೈಪ್‌ರೈಟರ್ ಮೆಕ್ಯಾನಿಕ್. ಹದಿನೈದು ದಿನಕ್ಕೊಮ್ಮೆ ಗುರುವಾರ ತಗಡಿನ ಪೆಟ್ಟಿಗೆ ಹಿಡಿದು ಬಸ್ಸಿಳಿಯುತ್ತಿದ್ದ. ಕೈಕೆಲಸದಲ್ಲಿ ಚಿನ್ನದಂಥವನು, ಬಾಯಿ ಮಾತ್ರ ಸ್ವಲ್ಪ ಒರಟು.

ಮೂಲೆಯಲ್ಲಿದ್ದ ಬಾಲಮಣಿ ಎದ್ದು ನಿಂತಳು. ಅವಳು ಸೇರಿ ಇನ್ನೂ ಎಂಟು ದಿನವಾಗಿರಲಿಲ್ಲ.

"ನಾನ್ರಿ. ಕೀ ಸಿಗೇ ಬೀಳಾಕತ್ತಿದ್ವು. ಮನ್ಯಾಗ ಬಟ್ಟಿ ಹೊಲಿಯೋ ಮಿಷಿನ್‌ಗೆ ಇದೇ ಹಾಕ್ತೀವಿ."

"ಇದು ತಾಂಡೂರ್ರಿ! ಗಾಳಿ ಬಿಟ್ರ ಕಲ್ಲಿನ ಧೂಳು. ಧೂಳಿಗಿ ಎಣ್ಣಿ ಕೂಡಿದ್ರ ಒಳಗ ಗಚ್ಚಾಗ್ತದ, ಗಚ್ಚು! ಸೀಮಿ ಎಣ್ಣಿ ಹಚ್ಚಿ ತೊಳೀಬೇಕು, ಒರಸಬೇಕು, ಸುಮ್ಮನಿರಬೇಕು."

"ಹಂಗಂತ ಮೊದಲs ಹೇಳಬೇಕಿತ್ತು. ಒದರೋದು ಆಮ್ಯಾಗ!"

ಯಾರೋ ಕಿಸಕ್ಕೆಂದರು. ಆತ್ಮಾರಾಮ ತಲೆಯೆತ್ತಿ ನೋಡಿದ. ಕಪ್ಪು ಮುಖದ, ನೇರ ಕಣ್ಣಿನ ಹುಡುಗಿ. ಎಡಗೈಯನ್ನು ಮಾತ್ರ ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು. ಅವನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಅಕ್ಷರಗಳ ಹೊಟ್ಟೆಯೊಳಗಿನ ಜಿಡ್ಡು ತೆಗೆಯುತ್ತ ಕೂತ.

ಆ ಎಡಗೈಯೇ ಬಾಲಮಣಿಯ ಗುಟ್ಟು. ಚಿಕ್ಕವಳಿದ್ದಾಗ ಅಂಗಳಕ್ಕೆ ಹಾಸಲು ತಂದ ಫರಸಿ ಕಲ್ಲು ಜಾರಿ ಕಿರುಬೆರಳ ಮೇಲೆ ಬಿದ್ದಿತ್ತು. ಬೆರಳು ಉಳಿಯಿತು, ಕಸುವು ಹೋಯಿತು. ಕುರಿ ಸಾಕುವ ಮನೆ. ಉಣ್ಣೆ ನೂಲುವಾಗಲೂ, ಹಗ್ಗ ಬಿಗಿಯುವಾಗಲೂ "ಅಕಿ ಕೈಲೆ ಆಗಂಗಿಲ್ಲ ಬಿಡ್ರಿ" ಎಂಬ ಒಂದೇ ಮಾತು! ಹೆಣ್ಣು ನೋಡಲು ಬಂದವರೂ ಮುಖಕ್ಕಿಂತ ಮೊದಲು ಬೆರಳನ್ನೇ ನೋಡಿ ಹೋಗಿದ್ದರು.

'ಇದೇ ಬೆರಳಿನಿಂದ ನೌಕರಿ ಹಿಡೀತೀನಿ. ಒಂದು ಸಲ... ಒಂದೇ ಸಲ ಇವರ ಬಾಯಿ ಮುಚ್ಚಿಸ್ತೀನಿ!' ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಹದಿನೈದು ದಿನ ಬಿಟ್ಟು ಆತ್ಮಾರಾಮ ಬಂದಾಗ ಮೇಜಿನ ಮೇಲೆ ಹಾಳೆಗಳಿದ್ದವು. ಮೂರನೇ ನಂಬರಿನ ಮಿಷಿನ್‌ನಲ್ಲಿ ಬೆಳಗಿನ ಏಳು ಗಂಟೆಗೆ ಬಾಲಮಣಿ ಹೊಡೆದ ಹಾಳೆಗಳಲ್ಲೆಲ್ಲ ಇಂಗ್ಲಿಷಿನ 'ಎ' ಅಕ್ಷರ ಮಸಕು. ಅದೇ ಮಿಷಿನ್, ಎಂಟು ಗಂಟೆಗೆ ಬರುವ ಹುಡುಗಿಯ ಹಾಳೆಗಳಲ್ಲಿ 'ಎ' ಕಪ್ಪಗಿತ್ತು. ಎಡಗೈ ಕಿರುಬೆರಳಿಗೆ ಬೀಳುವ ಅಕ್ಷರವದು. ಕುಂದು ಕಬ್ಬಿಣದಲ್ಲಿಲ್ಲ, ಬೆರಳಿನಲ್ಲಿದೆ ಎಂದು ಅವನಿಗೆ ತಿಳಿಯಲು ಎಷ್ಟು ಹೊತ್ತು?

ಅವನು ಯಾರಿಗೂ ಹೇಳಲಿಲ್ಲ. ಮಿಷಿನ್ ಮಗುಚಿ, ಆ ಕೀಯ ಕೆಳಗಿನ ಬಿಗಿ ಸ್ಪ್ರಿಂಗ್ ಬಿಚ್ಚಿ, ಮೆತ್ತಗಿನದೊಂದು ಹಾಕಿದ. ಪಕ್ಕದ ಶಿಫ್ಟ್ ಕೀಯನ್ನೂ ಹಗುರ ಮಾಡಿದ. "ಆ ಹುಡುಗಿನ್ನ ಮೂರನೇ ನಂಬರಿನಿಂದ ಎಬ್ಬಿಸಬ್ಯಾಡ್ರಿ ಮಾಸ್ತರ, ಕೈ ಕುಂತದ" ಎಂದಷ್ಟೇ ಅಂದ.

ಮರುದಿನ ಬಾಲಮಣಿ ಹೊಡೆದಳು. 'ಎ' ಕಪ್ಪಗೆ ಬಿತ್ತು!

'ಬಂತು... ನನ್ನ ಬೆರಳಿಗೆ ಜೀವ ಬಂತು!' ಅವಳು ಆ ಹಾಳೆಯನ್ನು ಮಡಚಿ ಕುಪ್ಪಸದೊಳಗಿಟ್ಟುಕೊಂಡು ಊರಿಗೆ ಹೋದಳು. ಅವ್ವ ಗುಂಡಮ್ಮನಿಗೆ ಓದು ಬರಹ ಬಾರದು. ಆದರೂ ಆ ಕಪ್ಪು ಅಕ್ಷರಗಳ ಮೇಲೆ ಕೈಯಾಡಿಸಿ ಕಣ್ಣೊರೆಸಿಕೊಂಡಳು.

ಪ್ರೀತಿ ಯಾವಾಗ ಹುಟ್ಟಿತೋ ಇಬ್ಬರಿಗೂ ಗೊತ್ತಿಲ್ಲ. ಗುರುವಾರದ ಬಸ್ಸು ತಡವಾದರೆ ಅವಳ ಸಾಲು ತಪ್ಪುತ್ತಿತ್ತು. ಅವಳು ರಜೆ ಹಾಕಿದ ದಿನ ಅವನ ಕೈಯಿಂದ ಸ್ಕ್ರೂ ಉರುಳಿ ಕಳೆದುಹೋಗುತ್ತಿತ್ತು. ವೈಜಿನಾಥ ಮಾಸ್ತರರು ಎಲ್ಲ ನೋಡಿ ಏನೂ ನೋಡದವರಂತೆ ಇದ್ದರು.

ಆಗ ಪರೀಕ್ಷೆಗೆ ತಮ್ಮ ತಮ್ಮ ಮಿಷಿನ್ ತಾವೇ ಒಯ್ಯಬೇಕಿತ್ತು. ಮೂರನೇ ನಂಬರಿನ ಮಿಷಿನ್ ಗೋಣಿಚೀಲ ಸುತ್ತಿಕೊಂಡು ಬಾಲಮಣಿಯ ಜೊತೆ ರೈಲು ಹತ್ತಿ ಹೈದರಾಬಾದಿಗೆ ಹೋಗಿ ಬಂತು. ಅವಳು ಪಾಸಾದಳು! ಮುಂದಿನ ತಿಂಗಳೇ ಜಹೀರಾಬಾದಿನ ಕಬ್ಬು ಬೆಳೆಗಾರರ ಕಚೇರಿಯಿಂದ ಕಾಗದ ಬಂತು.

ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಆತ್ಮಾರಾಮ ನಿಂತಿದ್ದ.

"ಬಾಲಮಣಿ... ನಾವಿಬ್ರೂ ಲಗ್ನ ಆಗೋಣೇನ್ರಿ?"

'ಹೂಂ' ಎಂಬುದು ಅವಳ ನಾಲಿಗೆಯ ತುದಿಯಲ್ಲಿತ್ತು.

"ಮೊದಲ ನನ್ನ ಕಾಲ ಮ್ಯಾಲ ನಾ ನಿಂದರ್ತೀನ್ರಿ. ಆಮ್ಯಾಗ ಕೇಳ್ರಿ."

ಅವನ ಮುಖ ಬಾಡಿತು. ಏನೋ ಹೇಳಲು ಬಾಯಿ ತೆರೆದ... ಮುಚ್ಚಿಕೊಂಡ. ಬಸ್ಸು ಹೊರಟುಬಿಟ್ಟಿತು.

ಜಹೀರಾಬಾದಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇಳಿದು, ಮೊದಲ ದಿನ ಹೊಸ ಸೀರೆ ಉಟ್ಟು ಕಚೇರಿಯ ಟೈಪ್‌ರೈಟರ್ ಮುಂದೆ ಕೂತಳು. ಅರ್ಧ ಪುಟ ಹೊಡೆದು ಹಾಳೆ ತೆಗೆದಳು.

ಒಂದೂ 'ಎ' ಇರಲಿಲ್ಲ!

ಇನ್ನೊಂದು ಹಾಳೆ. ಮತ್ತೊಂದು. ಕಿರುಬೆರಳು ನೋವಿನಿಂದ ನಡುಗತೊಡಗಿತು. ಮೂರನೇ ದಿನ ಹೆಡ್‌ ಕ್ಲಾರ್ಕ್ ಭೀಮಶಾ ಹಾಳೆಗಳನ್ನು ಅವಳ ಮುಂದಿಟ್ಟ.

"ಮಿಷಿನ್ದಾಗ ಏನೂ ಖರಾಬಿ ಇಲ್ಲಮ್ಮ. ಮೊನ್ನೆ ಮೊನ್ನೆನೇ ಆತ್ಮಾರಾಮ ಬಂದು ನೋಡಿ ಹೋಗ್ಯಾನ. ಸರ್ಟಿಫಿಕೇಟು ಅಸಲಿನೋ, ನಕಲಿನೋ?"

ಹಿಂದೆ ಕೂತ ಇಬ್ಬರು ಗುಮಾಸ್ತರು ನಕ್ಕರು. ಭೂಮಿ ಬಾಯಿಬಿಡಬಾರದೇ ಅನಿಸಿತು ಅವಳಿಗೆ. ಆದರೆ ಭೂಮಿ ಅಷ್ಟು ಸುಲಭಕ್ಕೆ ಯಾರಿಗೂ ಬಾಯಿಬಿಡುವುದಿಲ್ಲ. ಅವಳು ನೌಕರಿ ಕಳೆದುಕೊಂಡು ಆ ನಗುವಿನ ನಡುವೆಯೇ ನಡೆದು ಹೊರಬರಬೇಕಾಯಿತು.

'ಆತ್ಮಾರಾಮ ಬಂದಿದ್ದ... ಮೊನ್ನೆ ಮೊನ್ನೆ! ತಡೀರಿ ಅಂದದ್ದಕ್ಕೆ ಇಷ್ಟು ದೊಡ್ಡ ಸೇಡೇ?'

ಮುಂದಿನ ಗುರುವಾರ ಅವಳು ಇನ್‌ಸ್ಟಿಟ್ಯೂಟಿನ ಬಾಗಿಲಲ್ಲಿ ನಿಂತಿದ್ದಳು. ಅವನು ಒಳಗೆ ಬಂದದ್ದೇ ತಡ, ಅವಳ ಮಾತಿನ 'ರಿ' ಹಾರಿಹೋಯಿತು.

"ಒಲ್ಲೆ ಅಂದಿದ್ದಿಲ್ಲ, ತಡಿ ಅಂದಿದ್ದೆ! ಅಷ್ಟಕ್ಕs ಆ ಮಿಷಿನ್ ಬಿಗಿ ಮಾಡಿ ಬಂದಿಯೇನು?"

ಆತ್ಮಾರಾಮ ಪೆಟ್ಟಿಗೆ ಕೆಳಗಿಟ್ಟ. ನಾಲ್ಕನೇ ನಂಬರಿನ ಮುಂದೆ ಕುರ್ಚಿ ಎಳೆದ.

"ಇದರ ಮ್ಯಾಲ ಒಂದು ಸಾಲು ಹೊಡೀರಿ."

ಹೊಡೆದಳು. 'ಎ' ಬೀಳಲಿಲ್ಲ. ಐದನೆಯದರಲ್ಲೂ ಬೀಳಲಿಲ್ಲ. ಒಂದನೆಯದರಲ್ಲೂ ಇಲ್ಲ. ಕೊನೆಗೆ ಮೂರನೆಯದರ ಮುಂದೆ ಕೂತಳು. ಕಪ್ಪಗೆ, ಚೆಂದವಾಗಿ ಬಿತ್ತು!

ಬಾಲಮಣಿ ಕೀಗಳ ಮೇಲಿಂದ ಕೈ ತೆಗೆದಳು.

"ಏನ್ ಮಾಡಿದಿ ಇದಕ್ಕ?"

"ಸ್ಪ್ರಿಂಗ್ ಬದಲಿ ಮಾಡೀನಿ... ನೀವು ಸೇರಿದ ತಿಂಗಳs. ನಿಮ್ಮ ಬೆರಳು ನೋಯಬಾರ್ದು ಅಂತ."

ಸೇಡಾಗಿದ್ದರೆ ಸಹಿಸಬಹುದಿತ್ತು. ಇದು ಕರುಣೆ! ಮೆತ್ತಗಿನ ಕೀಗೆ ಒಗ್ಗಿ ಬೆರಳಿನಲ್ಲಿದ್ದ ಅಷ್ಟಿಷ್ಟು ಕಸುವೂ ಹೋಗಿತ್ತು. ಅವ್ವ ಕೈಯಾಡಿಸಿದ ಆ ಕಪ್ಪು ಅಕ್ಷರಗಳು ಬಾಲಮಣಿಯವಲ್ಲ, ಆತ್ಮಾರಾಮನ ಸ್ಪ್ರಿಂಗಿನವು.

"ನೀವು ಹೊರಡೂದಕ್ಕ ಮೊದಲs ಜಹೀರಾಬಾದಿನ್ಯಾಗೂ ಅದನ್ನs ಮಾಡಾಕ ಹೋಗಿದ್ದೆ. ಅಲ್ಲಿ ಇನ್ನಿಬ್ರು ಗಂಡಸರು ಅದೇ ಮಿಷಿನ್ ಹೊಡೀತಾರ. ಅವ್ರ ಕೈ ಬಿದ್ರ ಮೆತ್ತಗಿನ ಕೀ ತಿರುಗಿ ಏಳೂದೇ ಇಲ್ಲ. ಭೀಮಶಾ ಸಾಹೇಬ್ರು ಮೊದಲಿನ ಸ್ಪ್ರಿಂಗೇ ಹಾಕ್ಸಿದ್ರು."

"ಅಂದ್ರ ನನ್ನ ಕೈಲೆ ಆಗಂಗಿಲ್ಲ ಅಂತ ನಿನಗ ಮೊದಲs ಗೊತ್ತಿತ್ತು. ಬಸ್ ಸ್ಟ್ಯಾಂಡಿನ್ಯಾಗ ಗೊತ್ತಿತ್ತು! ಹೇಳಲಿಲ್ಲ ಯಾಕ?"

ಅವನು ನೆಲ ನೋಡುತ್ತಲೇ ಅಂದ.

"ನೌಕರಿ ಆಗಲಿಲ್ಲಂದ್ರ... ತಿರುಗಿ ಬರ್ತೀರಿ ಅಂತ ಮನಸ್ಸಿನ್ಯಾಗ ಒಂದು ಆಸೆ ಇತ್ತು. ಸುಳ್ಳು ಹೇಳಂಗಿಲ್ಲ."

ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ! ನಿಜ ಹೇಳಿದ ಎಂದು ಮೆಚ್ಚುವುದೋ, ನಿಜ ಇಂಥದ್ದೇ ಎಂದು ಅಳುವುದೋ?

"ಕಲ್ಲು ನನ್ನ ಬೆರಳು ಒಂದ ಮುರಿದಿತ್ತು, ಆತ್ಮಾರಾಮ. ನೀ ಪೂರಾ ನನ್ನನ್ನೇ ಮುರಿದಿ. ನಾ ಎಲ್ಲಿ ಹೋದ್ರೂ ನೀ ಮುಂದ ಹೋಗಿ ಮೆತ್ತಗ ಮಾಡಬೇಕು, ಹಿಂದ ನಾ ಬರಬೇಕು. ಜೀವನ ಪೂರಾ ಹಿಂಗs ಏನು?"

ಅವಳು ಅವನ ಪೆಟ್ಟಿಗೆಯಿಂದಲೇ ಸ್ಕ್ರೂಡ್ರೈವರ್ ತೆಗೆದುಕೊಂಡು ಮಿಷಿನ್ ಮಗುಚಿದಳು. "ಯಾವುದು ತೋರ್ಸು" ಎಂದಳು. ಅವನು ತೋರಿಸಿದ. ಮೆತ್ತಗಿನ ಸ್ಪ್ರಿಂಗನ್ನು ತಾನೇ ಕಿತ್ತಳು, ಬಿಗಿಯದನ್ನು ತಾನೇ ಹಾಕಿದಳು. ಕೈಯೆಲ್ಲ ಮಸಿಯಾಯಿತು.

ಅಂದಿನಿಂದ ಮಾತು ನಿಂತಿತು.

ಅವಳು ಮತ್ತೆ ಮೂರನೇ ನಂಬರಿನ ಮುಂದೆ ಕೂತಳು, ದಿನಕ್ಕೆ ಇಪ್ಪತ್ತು ಸಾಲು ಬರೀ 'ಎ'. ಬೆರಳು ಬಾತು ಬದನೆಕಾಯಿಯಾಯಿತು. ಗುಂಡಮ್ಮ ಉಪ್ಪು ಹಾಕಿದ ಬಿಸಿನೀರಿನಲ್ಲಿ ಅದ್ದಿಸುತ್ತ, "ಸಾಕು ಬಿಡs ಯವ್ವ, ಯಾರ ಸಲುವಾಗಿ ಇಷ್ಟು?" ಎನ್ನುವಳು. "ನನ್ನ ಸಲುವಾಗಿ" ಎನ್ನುವಳು ಬಾಲಮಣಿ. ಮೂರು ತಿಂಗಳಿಗೆ ಮಸಕು ಅಕ್ಷರ ಬಂತು. ಏಳು ತಿಂಗಳಿಗೆ ಕಪ್ಪು. ವೇಗ ಮಾತ್ರ ಮೊದಲಿನಷ್ಟು ಎಂದೂ ಬರಲಿಲ್ಲ.

ಗುರುವಾರಗಳು ಬಂದವು, ಹೋದವು. ಆತ್ಮಾರಾಮ ಬಂದು ಮಿಷಿನ್ ಒರೆಸಿ ಹೋಗುತ್ತಿದ್ದ. ಇವಳು ತಲೆ ಎತ್ತುತ್ತಿರಲಿಲ್ಲ. ಒಮ್ಮೆ ವೈಜಿನಾಥ ಮಾಸ್ತರರು ಮೆಲ್ಲಗೆ ಅಂದರು:

"ಭೀಮಶಾನ ಮುಂದ ಹೋಗಿ ಎಲ್ಲಾ ಒಪ್ಪಿಕೊಂಡಾನ, ಬಾಲಮಣಿ. ಹುಡುಗಿದು ತಪ್ಪಿಲ್ಲ, ನಂದು ಅಂತ. ಅಲ್ಲಿಂದ ಅವನ್ನ ಬಿಡ್ಸಿದ್ರು. ಸುದ್ದಿ ಹಬ್ಬಿ ಇನ್ನೆರಡು ಆಫೀಸಿನವ್ರೂ ಬ್ಯಾಡ ಅಂದ್ರು."

"ನನ್ನ ನೌಕರಿ ತಿರುಗಿ ಬಂತೇನ್ರಿ?"

"ಇಲ್ಲವ್ವ. ಬ್ಯಾರೆಯವ್ರು ಕುಂತಾರ."

ಅವಳು ಮತ್ತೆ ಹೊಡೆಯತೊಡಗಿದಳು. ಹಾಳೆಯ ಮೇಲೆ ಎರಡು ಹನಿ ಬಿದ್ದವು. ಸಿಟ್ಟಿನವೋ, ಪ್ರೀತಿಯವೋ, ಅವಳಿಗೇ ತಿಳಿಯಲಿಲ್ಲ.

ವರ್ಷ ತುಂಬಿತು. ತಾಂಡೂರಿನ ತೊಗರಿ ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಬಾಲಮಣಿಗೆ ಕೆಲಸ ಸಿಕ್ಕಿತು. ಜಹೀರಾಬಾದಿನಷ್ಟು ದೊಡ್ಡದಲ್ಲ. ತೊಗರಿಯ ಹೊಟ್ಟು, ಕಲ್ಲಿನ ಧೂಳು, ಮುದಿ ಎತ್ತಿನಂಥ ಬಿಗಿ ಮಿಷಿನ್. ಆದರೆ ಅಲ್ಲಿ ಬಿದ್ದ ಒಂದೊಂದು ಅಕ್ಷರವೂ ಅವಳದೇ ಆಗಿತ್ತು.

ಒಂದು ಮಧ್ಯಾಹ್ನ ಮಿಷಿನ್ ಕೆಟ್ಟಿತು. ಮಾಲೀಕರು ಹೇಳಿಕಳಿಸಿದ ಮೆಕ್ಯಾನಿಕ್ ಬಂದ. ಆತ್ಮಾರಾಮ! ಸೊರಗಿದ್ದ.

ಮಿಷಿನ್ ತೊಳೆದ, ಒರೆಸಿದ, ಹೊಸ ರಿಬ್ಬನ್ ಹಾಕಿದ. ಪರೀಕ್ಷೆಗೆಂದು ಅವಳು ಒಂದು ಸಾಲು ಹೊಡೆದಳು. ಕಿರುಬೆರಳು ಇಳಿದಾಗಲೆಲ್ಲ ಅವಳ ತುಟಿ ತುಸು ಬಿಗಿಯುತ್ತಿದ್ದದ್ದು ಅವನಿಗೆ ಕಂಡಿತು. ಅವನ ಕೈ ತಾನಾಗಿಯೇ ಸ್ಕ್ರೂಡ್ರೈವರಿನ ಕಡೆ ಹೋಯಿತು... ನಡುವೆಯೇ ನಿಂತಿತು. ಕೈ ಹಿಂದೆ ತೆಗೆದುಕೊಂಡ.

"ನೋಯ್ತದೇನ್ರಿ?"

ಇಷ್ಟು ದಿನದಲ್ಲಿ ಅವನು ಕೇಳಿದ್ದು ಇದೇ ಮೊದಲು. ಒಮ್ಮೆಯಾದರೂ ಹೀಗೆ ಕೇಳಿದ್ದರೆ ಒಂದು ವರ್ಷ ಉಳಿಯುತ್ತಿತ್ತಲ್ಲ ಎಂದುಕೊಂಡಳು.

"ನೋಯ್ತದ."

"ಏನ್ ಮಾಡಲಿ?"

"ಏನೂ ಮಾಡಬ್ಯಾಡ್ರಿ."

ಅವನು ತಲೆಯಾಡಿಸಿ ಪೆಟ್ಟಿಗೆ ಮುಚ್ಚಿ ಎದ್ದ. ಬಾಗಿಲವರೆಗೆ ಹೋದವನು ತಿರುಗಿದ. ಕಣ್ಣು ತುಂಬಿದ್ದವು.

"ಬಾಲಮಣಿ... ನನ್ನ ಮಾಫ್ ಮಾಡೀರೇನು?"

"ಇಲ್ಲ." ಅವಳು ತಿದ್ದಿಕೊಂಡಳು. "ಪೂರಾ ಮಾಡಿಲ್ಲ."

"ಎಷ್ಟು ದಿನ ಬೇಕು?"

"ನನಗೇನು ಗೊತ್ತು? ಹದಿನೈದು ದಿನಕ್ಕೊಮ್ಮಿ ಬಂದು ಹೋದ್ರ ವರ್ಷಗಟ್ಟಲೆ ಹಿಡೀಬಹುದು."

"ಮತ್ತ?"

ಬಾಲಮಣಿ ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು.

"ದಿನಾ ಎದುರಿಗಿ ಇದ್ರ ಮಾಫಿ ಲಗೂನ ಆದೀತು. ಅವ್ವನ ಹತ್ರ ಬಂದು ಮಾತಾಡ್ರಿ."