ಅವಳು ಗೇಟು ಎತ್ತಲಿಲ್ಲ

"ಗಾಡಿ ನಂಬರ್ ಹೇಳಿ."

ಗೋದಾಮಿನ ಗೇಟಿನ ಕೋಣೆಯಲ್ಲಿ ಕೂತಿದ್ದ ಅವಳು ಕಂಪ್ಯೂಟರಿನಿಂದ ತಲೆ ಎತ್ತದೆಯೇ ಕೇಳಿದಳು. ಕಿಟಕಿಯ ಆಚೆ ನಿಂತವನು ಇನ್ನಷ್ಟು ಹತ್ತಿರ ಬಾಗಿದ. ಅಷ್ಟರಲ್ಲಿ ಡೀಸೆಲ್ಲೂ ಬೆವರೂ ಬೆರೆತ ಒಂದು ಪರಿಚಿತ ವಾಸನೆ ಒಳಗೆ ಬಂತು.

ಅವನೇ... ಒಂದೂವರೆ ತಿಂಗಳಾದ ಮೇಲೆ, ಅವನೇ.

"ನಂಬರ್ ನಿನಗೆ ಗೊತ್ತಿಲ್ವಾ?" ಎಂದ ಅವನು, ಮೆಲ್ಲಗೆ.

"ಇಲ್ಲಿಗೆ ದಿನಾ ಎಷ್ಟೋ ಗಾಡಿ ಬರ್ತವೆ. ಎಲ್ಲಾ ನೆನಪಿಟ್ಕೊಳ್ಳೋಕಾಗಲ್ಲ. ಹೇಳಿ."

ಅವನು ಹೇಳಿದ. ಅವನು ಹೇಳಿ ಮುಗಿಸುವ ಮೊದಲೇ ಅವಳ ಬೆರಳುಗಳು ನಂಬರನ್ನು ಒತ್ತಿಬಿಟ್ಟಿದ್ದವು. ಬಾಯಿ ಸುಳ್ಳು ಹೇಳಬಹುದು, ಬೆರಳಿಗೆ ಅಷ್ಟು ಬುದ್ಧಿ ಇರುವುದಿಲ್ಲ.

"ಐದನೇ ಬಾಗಿಲು. ಲೋಡ್ ಆದ ಮೇಲೆ ಇಲ್ಲೇ ಬಂದು ಹೇಳಿ, ಗೇಟು ಎತ್ತುತ್ತೀನಿ."

"ಚೆನ್ನಾಗಿದ್ದೀಯಾ?"

"ಹಿಂದೆ ಗಾಡಿ ನಿಂತಿದೆ. ಮುಂದೆ ಹೋಗಿ."

ಅವನು ಹೋದ. ಅವಳು ಗುಂಡಿ ಒತ್ತಿ ಅಡ್ಡಗೇಟು ಎತ್ತಿದಳು. ನೀಲಿ ಲಾರಿ ಒಳಗೆ ಹೊರಳಿತು. ಆ ನೀಲಿ ಅವಳೇ ಆರಿಸಿದ ಬಣ್ಣ. ಚಾಲಕನ ಸೀಟಿನ ಹಿಂದೆ ತೂಗುತ್ತಿದ್ದ ಪರದೆ ಅವಳೇ ಹೊಲಿದದ್ದು. ಎಷ್ಟು ಇಳಿದುಹೋಗಿದ್ದಾನೆ... ಕಣ್ಣು ಗುಳಿ ಬಿದ್ದಿದೆ. ನನಗೇನು? ಎಂದು ಕೇಳಿಕೊಂಡಳು. ಕೇಳಿಕೊಂಡದ್ದೇ ಬಂತು, ಕಣ್ಣು ತುಂಬುವುದನ್ನು ತಡೆಯಲಾಗಲಿಲ್ಲ.

ಈ ಗಂಡ ಹೆಂಡಿರ ಸಂಸಾರ ಸ್ವಲ್ಪ ವಿಚಿತ್ರ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಇಬ್ಬರೂ ಲಾರಿ ಚಾಲಕರು. ದೂರದ ಲೋಡು, ಗಾಡಿ ನಿಲ್ಲುವಂತಿಲ್ಲ, ಒಬ್ಬರು ಓಡಿಸಿದರೆ ಇನ್ನೊಬ್ಬರು ಹಿಂದಿನ ಹಲಗೆಯ ಮೇಲೆ ಮಲಗಬೇಕು. ಕಂಪನಿಯವರು ಮೊದಲ ಸಲ ಅವಳನ್ನು ಅವನ ಜೊತೆ ಹಾಕಿದಾಗ ಅವನು ಮೂತಿ ಉದ್ದ ಮಾಡಿದ್ದ. "ಹೊಸಬರು ಸ್ಟೇರಿಂಗ್ ಹಿಡಿದ್ರೆ ನನಗೆ ನಿದ್ದೆ ಬರಲ್ಲ, ಮೊದಲೇ ಹೇಳಿದ್ದೀನಿ" ಎಂದಿದ್ದ. ಊರು ದಾಟುವುದರೊಳಗೆ ಪರದೆಯ ಹಿಂದಿನಿಂದ ಗೊರಕೆ ಶುರುವಾಯಿತು. ಎಂಥ ಗೊರಕೆ! ಎಂಜಿನ್ನಿಗೇ ನಾಚಿಕೆಯಾಗಬೇಕು.

ಅವಳಿಗೆ ಅವನ ಮೇಲೆ ಪ್ರೀತಿಯಾದದ್ದು ಆ ಗೊರಕೆ ಕೇಳಿ. ನಗಬೇಡಿ. ಒಬ್ಬ ಮನುಷ್ಯ ತನ್ನ ಜೀವವನ್ನೇ ನಿಮ್ಮ ಕೈಗೆ ಕೊಟ್ಟು ಹಾಯಾಗಿ ಮಲಗಿದರೆ ಹೇಗಿರುತ್ತದೆ ಎಂದು ಅವಳಿಗೆ ಅಂದು ಗೊತ್ತಾಯಿತು.

ಮದುವೆಯಾದ ಮೇಲೆ ಬಾಡಿಗೆ ಮನೆ ಬಿಟ್ಟರು. ಮಂಚ, ಕಪಾಟು ಮಾರಿದರು. ಸ್ವಂತ ಲಾರಿ ಕೊಂಡರು. ಅದೇ ಮನೆ, ಅದೇ ಅಂಗಡಿ. ಹತ್ತು ವರ್ಷ ರಸ್ತೆ, ಆಮೇಲೆ ಮನೆ, ಮಗು ಎಂದು ಮಾತಾಯಿತು. ಅವನು ರಾತ್ರಿ ಓಡಿಸುತ್ತಿದ್ದ, ಅವಳು ಹಗಲು. ಅವಳು ಅವನನ್ನು "ಗೂಬೆ" ಎನ್ನುತ್ತಿದ್ದಳು, ಅವನು ಅವಳನ್ನು "ಕೋಳಿ" ಎನ್ನುತ್ತಿದ್ದ. ಸೀಟು ಬದಲಾಯಿಸುವ ಹೊತ್ತಿಗೆ ಒಂದು ಟೀ, ನಾಲ್ಕು ಮಾತು, ಒಂದು ನಗು. ಅವಳು ಏರುವಾಗ ಹಲಗೆಯ ಮೇಲಿನ ಹೊದಿಕೆ ಅವನ ಮೈಯ ಬಿಸಿಗೆ ಇನ್ನೂ ಬೆಚ್ಚಗಿರುತ್ತಿತ್ತು. ಬಹಳ ಹೆಂಡಂದಿರಿಗೆ ಅಷ್ಟೂ ಸಿಗುವುದಿಲ್ಲ ಎಂದುಕೊಳ್ಳುತ್ತಿದ್ದಳು.

ನಾಲ್ಕನೇ ವರ್ಷದ ಬೇಸಿಗೆಯಲ್ಲಿ ಆ ಮಧ್ಯಾಹ್ನ ಬಂತು.

ಊಟ ಮುಗಿಸಿ ಹೊರಟಿದ್ದರು. ನೆಟ್ಟಗಿನ ರಸ್ತೆ, ಬಿಸಿಲು, ಒಂದು ಮರವೂ ಇಲ್ಲದ ಬಯಲು. ಅವಳಿಗೆ ನಿದ್ದೆ ಬಂದದ್ದೇ ಗೊತ್ತಾಗಲಿಲ್ಲ. ಚಕ್ರ ಜಲ್ಲಿಯ ಮೇಲೆ ಇಳಿದ ಸದ್ದಿಗೆ ಕಣ್ಣು ಬಿಟ್ಟರೆ ಎದುರಿಗೆ ಮೋರಿಯ ಕಟ್ಟೆ! ಸ್ಟೇರಿಂಗನ್ನು ಎಳೆದಳು. ಲಾರಿ ಓಲಾಡಿ, ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಮತ್ತೆ ರಸ್ತೆಗೆ ಹತ್ತಿತು.

ಹಿಂದಕ್ಕೆ ತಿರುಗಿ ನೋಡಿದಳು. ಪರದೆ ಮುಚ್ಚಿಯೇ ಇತ್ತು.

ಮಲಗಿದ್ದಾನೆ. ನನ್ನನ್ನು ನಂಬಿ ಮಲಗಿದ್ದಾನೆ. ನಾನು ಇವನನ್ನು ಕೊಂದೇಬಿಡುತ್ತಿದ್ದೆ...

ಅವಳು ಹೇಳಲಿಲ್ಲ. ಆ ಸಂಜೆ ಹೇಳಬೇಕೆಂದು ಬಾಯಿ ತೆರೆದಳು, ಅವನು ಟೀ ಲೋಟ ಕೈಗಿಟ್ಟು ನಕ್ಕ, ಅವಳು ಬಾಯಿ ಮುಚ್ಚಿಕೊಂಡಳು. ಮರುದಿನದಿಂದ ಅವಳಿಗೆ ಪ್ರತಿ ಮಧ್ಯಾಹ್ನವೂ ಆ ಕಟ್ಟೆ ಕಾಣಿಸತೊಡಗಿತು. ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ಅವನೋ, ಅದೇ ಹೊತ್ತಿಗೆ ಸಿಡುಕನಾದ. ಟೀ ಆರಿದ್ದಕ್ಕೆ ಸಿಟ್ಟು, ಹೊದಿಕೆ ಮಡಚದಿದ್ದಕ್ಕೆ ಸಿಟ್ಟು. ಇವನಿಗೆ ನಾನು ಸಾಕಾಗಿದ್ದೇನೆ ಎಂದು ಅವಳು ತಿಳಿದಳು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಈ ಇಬ್ಬರೂ ಒಟ್ಟಿಗೆ ಮಲಗುವುದೇ ಇಲ್ಲವಲ್ಲ, ಜಗಳ ಮುಗಿಯುವುದು ಯಾವಾಗ?

ಕೊನೆಗೊಂದು ದಿನ ಅವಳು ಬ್ಯಾಗು ಹಿಡಿದು ಇಳಿದಳು. "ಈ ಡಬ್ಬಿಯೊಳಗೆ ನಿನ್ನ ಮುಖ ನೋಡಿ ನೋಡಿ ಸಾಕಾಯ್ತು. ನಾನು ಇನ್ನು ಬರಲ್ಲ" ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ತಡೆಯಲಿಲ್ಲ. "ನಿನ್ನಿಷ್ಟ" ಎಂದು ಅವಳ ಚಪ್ಪಲಿಯನ್ನೂ ಇಳಿಸಿಕೊಟ್ಟ. ಆ ಚಪ್ಪಲಿ ಕೊಟ್ಟದ್ದನ್ನು ನೆನೆದು ಅವಳು ಎಷ್ಟು ಅತ್ತಳೋ, ದೇವರಿಗೇ ಗೊತ್ತು.

ಈಗ ಅವಳಿಗೆ ಈ ಗೋದಾಮಿನ ಗೇಟಿನಲ್ಲಿ ಕೆಲಸ, ಎದುರು ರಸ್ತೆಯ ಪಂಕ್ಚರ್ ಅಂಗಡಿಯ ಮೇಲೆ ಒಂದು ರೂಮು.

ಲೋಡ್ ಆಗುತ್ತಿರುವಾಗ ಅವನ ಹೊಸ ಜೊತೆ ಚಾಲಕ ಬಾಟಲಿಗೆ ನೀರು ತುಂಬಿಸಿಕೊಳ್ಳಲು ಕಿಟಕಿಯ ಬಳಿ ಬಂದ. ನರೆತ ಗಡ್ಡದವನು, ಇಬ್ಬರನ್ನೂ ಬಲ್ಲವನು. ಲಾರಿಯವರೆಲ್ಲ ಅವನನ್ನು "ಮಾಮ" ಎಂದೇ ಕರೆಯುವುದು.

"ಅಲ್ಲಮ್ಮ, ನಿನ್ನ ಗಂಡ ಮನುಷ್ಯನೋ ದೆವ್ವನೋ?"

"ಯಾಕೆ ಮಾಮ?"

"ಮಲಗೋದೇ ಇಲ್ಲ ಮಾರಾಯ್ತಿ. ನಾನು ಗಾಡಿ ಓಡಿಸಿದ್ರೆ ಹಿಂದೆ ಕೂತು, ಪರದೆ ಸಂದೀಲಿ ಕಣ್ಣಿಗೆ ಎಣ್ಣೆ ಬಿಟ್ಕೊಂಡು ನನ್ನೇ ನೋಡ್ತಿರ್ತಾನೆ. ಗಾಡಿ ನಿಂತಾಗ ಒಂದೆರಡು ಗಂಟೆ ಕಣ್ಣು ಮುಚ್ಚಿದ್ರೆ ಅದೇ ಹೆಚ್ಚು. ನನ್ನ ಮೇಲೆ ನಂಬಿಕೆ ಇಲ್ವೇನೋ ಅಂತ ಕೇಳಿಯೂ ಬಿಟ್ಟೆ."

"ಏನಂದ?"

"ನಿಮ್ಮಿಂದಲ್ಲ ಮಾಮ, ಬೇಸಿಗೆಯಿಂದ ಹೀಗೇ ಅಂದ. ಇವತ್ತು ಬೆಳಿಗ್ಗೆ ಸಿಗ್ನಲ್ಲಲ್ಲಿ ಹಸಿರು ದೀಪ ಬಂದ್ರೂ ಹಾಗೇ ಕೂತಿದ್ದಾನೆ, ಕಣ್ಣು ಬಿಟ್ಕೊಂಡೇ ನಿದ್ದೆ. ನನಗೆ ಹೆಂಡತಿ ಮಕ್ಕಳಿದ್ದಾರಮ್ಮ. ನಾನು ಇಲ್ಲೇ ಇಳ್ಕೊಳ್ತೀನಿ ಅಂದೆ. ಸರಿ, ಒಬ್ಬನೇ ಹೋಗ್ತೀನಿ ಅಂತಿದ್ದಾನೆ."

ಮಾಮ ನೀರು ತುಂಬಿಸಿಕೊಂಡು ಹೋದ. ಅವಳು ಕೂತಲ್ಲೇ ಕೂತಿದ್ದಳು.

ಬೇಸಿಗೆಯಿಂದ...

ಹೌದಲ್ಲ. ಆ ಮಧ್ಯಾಹ್ನದ ನಂತರ ಅವನ ಗೊರಕೆ ಕೇಳಿರಲೇ ಇಲ್ಲ. ಮುನಿಸಿಕೊಂಡು ಅತ್ತ ತಿರುಗಿ ಮಲಗಿದ್ದಾನೆ ಎಂದುಕೊಂಡಿದ್ದಳು. ಪರದೆ ಮುಚ್ಚಿತ್ತು, ಸರಿ. ಅದನ್ನು ಮುಚ್ಚಿದವರು ಯಾರು? ಊಟ ಮಾಡಿ ಹೊರಟಾಗ ಸೆಕೆ ಎಂದು ಅವನೇ ಅದನ್ನು ಸರಿಸಿದ್ದನಲ್ಲ?

ಲಾರಿ ಲೋಡಾಗಿ, ಟಾರ್ಪಾಲು ಬಿಗಿದು ಗೇಟಿಗೆ ಬಂತು. ಒಳಗೆ ಅವನೊಬ್ಬನೇ ಇದ್ದ.

ಅವಳು ಗುಂಡಿ ಒತ್ತಲಿಲ್ಲ.

ಅವನು ಕಾದ. ಹಿಂದೆ ಇನ್ನೊಂದು ಗಾಡಿ ಬಂದು ನಿಂತಿತು, ಅದರ ಹಿಂದೆ ಮತ್ತೊಂದು. ಯಾರೋ ಹಾರನ್ ಹೊಡೆದರು. ಅವಳು ಕೋಣೆಯಿಂದ ಇಳಿದು, ಲಾರಿಯ ಮುಂದಿನಿಂದ ಸುತ್ತಿ ಬಂದು, ಎಡಗಡೆಯ ಬಾಗಿಲು ತೆಗೆದು ಹತ್ತಿ ಕೂತಳು.

"ಏನಿದು? ಗೇಟು ಎತ್ತು. ಎಲ್ಲಾರೂ ಬೈತಾರೆ."

"ಬೈಲಿ. ಅವತ್ತು ನೀನು ಎಚ್ಚರ ಇದ್ದೆ ಅಲ್ವಾ?"

ಅವನು ಎದುರಿನ ಗಾಜನ್ನೇ ನೋಡುತ್ತಿದ್ದ. ಹಿಂದಿನಿಂದ ಮತ್ತೆ ಹಾರನ್ ಕೇಳಿಸಿತು.

"ನಿನ್ನನ್ನೇ ಕೇಳ್ತಿರೋದು."

"...ಇದ್ದೆ."

"ನಾನು ತೂಕಡಿಸಿದ್ದು ನೋಡಿದೆ."

"ಗಾಡಿ ಅಲುಗಾಡಿದಾಗ ಎದ್ದೆ. ಮೋರಿ ಕಂಡಿತು. ನೀನು ಸ್ಟೇರಿಂಗ್ ಎಳೆದೆ. ನೀನು ತಿರುಗ್ತೀಯ ಅಂತ ಗೊತ್ತಾಯ್ತು, ಪರದೆ ಎಳ್ಕೊಂಡೆ."

"ಯಾಕೆ?"

"ನಾನು ನೋಡಿದೆ ಅಂತ ಗೊತ್ತಾದ್ರೆ ನೀನು ಮತ್ತೆ ಸ್ಟೇರಿಂಗ್ ಮುಟ್ಟಲ್ಲ. ನಿನ್ನ ಮನಸ್ಸು ನೋಯಿಸಬಾರದು ಅಂತ ಸುಮ್ಮನಾದೆ." ಅವನು ಅವಳತ್ತ ತಿರುಗಿದ. "ಹಾಗಂತ ನನಗೆ ನಾನೇ ಹೇಳ್ಕೊಂಡೆ. ನಿಜ ಹೇಳ್ಬೇಕಂದ್ರೆ ರಸ್ತೆ ಬಿಡೋಕೆ ಮನಸ್ಸು ಬರಲಿಲ್ಲ. ನಾನು ಕಾವಲು ಕೂತ್ರೆ ಎಲ್ಲಾ ಹೀಗೇ ನಡೆಯುತ್ತೆ ಅಂದ್ಕೊಂಡೆ. ಆಮೇಲೆ ಮಲಗೋಣ ಅಂದ್ರೂ ಆಗಲಿಲ್ಲ. ಗಾಡಿ ಅಲುಗಿದ್ರೆ ಸಾಕು, ಕಣ್ಣು ತಾನಾಗೇ ಬಿಟ್ಕೊಳ್ಳುತ್ತೆ."

"ಹಗಲೆಲ್ಲಾ ನನ್ನ ಕಾವಲು ಕೂತು, ರಾತ್ರಿಯೆಲ್ಲಾ ನೀನೇ ಓಡಿಸ್ತಿದ್ದೆಯಾ? ನಾನು ಹಿಂದೆ ಮಲಗಿದ್ದಾಗ?"

ಅವನು ತಲೆಯಾಡಿಸಿದ.

ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಅವನ ತೋಳಿಗೆ ಒಂದು ಏಟು ಕೊಟ್ಟಳು, ಇನ್ನೊಂದು ಕೊಟ್ಟಳು. ಮೂರನೆಯದಕ್ಕೆ ಕೈ ಎತ್ತಿ, ಅದೇ ತೋಳಿಗೆ ಹಣೆ ಇಟ್ಟು ಅತ್ತುಬಿಟ್ಟಳು.

"ಕಾವಲು ಕಾಯ್ತೀನಿ ಅಂತ ಇಬ್ಬರನ್ನೂ ಗುಂಡಿಗೆ ಹಾಕ್ತಿದ್ದೆ ನೀನು... ಗೂಬೆ."

"ನೀನು ನನ್ನ ಸಿಡುಕು ತಡೀಲಾರದೆ ಹೋದೆ ಅಂದ್ಕೊಂಡೆ. ನನ್ನ ಮುಖ ನೋಡಿ ಸಾಕಾಯ್ತು ಅಂದೆಯಲ್ಲ."

"ನಿನ್ನ ಮುಖ ಯಾವತ್ತು ಸರಿಯಾಗಿ ನೋಡಿದ್ದೀನಿ ನಾನು, ಸಾಕಾಗೋಕೆ? ಭಯ ಆಗ್ತಿತ್ತು. ನೀನು ಹಿಂದೆ ಮಲಗಿರ್ತೀಯ, ನಾನು ಓಡಿಸ್ತಿರ್ತೀನಿ. ಪ್ರತಿ ಮಧ್ಯಾಹ್ನ ನೀನು ಸತ್ತ ಹಾಗೇ ಕಾಣ್ತಿತ್ತು. ಅದನ್ನ ಹೇಳೋಕೆ ನಾಚಿಕೆಯಾಯ್ತು. ಸಾಕಾಯ್ತು ಅಂತ ಹೇಳೋದು ಸುಲಭ ಇತ್ತು."

ಅವನು ಅಳಲಿಲ್ಲ. ಸ್ಟೇರಿಂಗನ್ನು ಅಂಗೈಯಿಂದ ಒರೆಸಿದ.

"ಹಾಗಾದ್ರೆ ಇನ್ನು..."

"ಇನ್ನು ಬೇಡ. ನೀನು ಹೀಗೆ ಹೋದ್ರೆ ನಾನು ಗೇಟು ಎತ್ತಲ್ಲ. ಕೆಲಸ ಹೋದ್ರೆ ಹೋಗ್ಲಿ."

"ಹತ್ತು ವರ್ಷ ಅಂದಿದ್ವಿ."

"ಅಂದಿದ್ವಿ."

ಅಷ್ಟರಲ್ಲಿ ಗೋದಾಮಿನ ಮೇಲ್ವಿಚಾರಕ ಕೂಗಾಡುತ್ತ ಬಂದ. ಅವನಿಗೆ ಉತ್ತರ ಕೊಟ್ಟವಳು ಅವಳಲ್ಲ. ಗಂಡನೇ ಕಿಟಕಿಯಿಂದ ತಲೆ ಹಾಕಿ, "ಚಾಲಕನಿಗೆ ಹುಷಾರಿಲ್ಲ ಸಾರ್, ಬದಿಗೆ ತಗೋತೀನಿ" ಎಂದ. ಲಾರಿಯನ್ನು ಗೋಡೆಯ ಬದಿಗೆ ತಂದು ಎಂಜಿನ್ ಆರಿಸಿದ. ಆದರೆ ಕೀಲಿಯಿಂದ ಕೈ ತೆಗೆಯಲಿಲ್ಲ. ಬಹಳ ಹೊತ್ತು ತೆಗೆಯಲಿಲ್ಲ. ಅವಳೂ ಅವಸರ ಮಾಡಲಿಲ್ಲ.

ಲೋಡು ತಲುಪಲೇಬೇಕಿತ್ತು. ಮಾಮ ಅಂಗಳದಲ್ಲಿ ಕೆಲಸವಿಲ್ಲದೆ ಕೂತಿದ್ದ ಇನ್ನೊಬ್ಬ ಚಾಲಕನನ್ನು ಹಿಡಿದು ತಂದ. "ತಲುಪಿಸಿ ಬರ್ತೀವಿ. ಆಮೇಲೆ ಗಾಡಿ ಏನು ಮಾಡ್ಬೇಕೋ ನೀವೇ ಮಾತಾಡ್ಕೊಳ್ಳಿ" ಎಂದ. ಅವಳು ತನ್ನ ಕೋಣೆಗೆ ಹೋಗಿ ಗುಂಡಿ ಒತ್ತಿದಳು. ಬೇರೆಯವರ ಕೈಯಲ್ಲಿ ತಮ್ಮ ಲಾರಿ ಹೊರಟಿತು. ತಿರುವಿನಲ್ಲಿ ಅದರ ಹಿಂಭಾಗ ಮರೆಯಾಗುವವರೆಗೂ ಅವನು ರಸ್ತೆಯ ಮಧ್ಯೆ ನಿಂತಿದ್ದ.

"ಎರಡನೇ ಗೇರಲ್ಲೇ ಎಳೀತಿದ್ದಾನೆ, ಮುಟ್ಠಾಳ" ಎಂದ. ಹಾಗೆಂದು ಮುಖ ಮುಚ್ಚಿಕೊಂಡ. ಈ ಸಲ ಅಳು ಬಂತು. ಬದುಕಿನಲ್ಲಿ ಅವನಿಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಲಾರಿ ಓಡಿಸುವುದೊಂದೇ. ಅದು ಅವಳಿಗೂ ಗೊತ್ತಿತ್ತು. ಕೋಣೆಯಿಂದ ಇಳಿದು ಬಂದು ಪಕ್ಕದಲ್ಲಿ ನಿಂತಳು.

ಪಾಳಿ ಮುಗಿದ ಮೇಲೆ ಅವನನ್ನು ರೂಮಿಗೆ ಕರೆದುಕೊಂಡು ಹೋದಳು. ಕಬ್ಬಿಣದ ಮೆಟ್ಟಿಲು, ಕೆಳಗಿನಿಂದ ರಬ್ಬರ್ ಸುಟ್ಟ ವಾಸನೆ. ಒಳಗೆ ಒಂದು ಕುರ್ಚಿ, ಒಂದು ಸ್ಟೌ, ನೆಲದ ಮೇಲೆ ಹಾಸಿಗೆ. ಅವನು ಬಾಗಿಲಲ್ಲೇ ನಿಂತ.

"ಎಲ್ಲಿ ಕೂರಲಿ?"

"ಎಲ್ಲಾದ್ರೂ ಕೂರು. ಇದೇನು ಲಾರಿನಾ?"

ಅವನು ಕುರ್ಚಿಯ ತುದಿಯಲ್ಲಿ ಕೂತ. ಅವಳು ಎರಡು ಲೋಟ ಟೀ ಮಾಡಿ ಎದುರಿಗೆ ನೆಲದ ಮೇಲೆ ಕೂತಳು. ಕುಡಿದಾಯಿತು. ಲಾರಿಯಲ್ಲಾದರೆ ಸೀಟು ಬದಲಾಯಿಸಲು ಏಳಬೇಕಾದ ಹೊತ್ತು ಬಂದು ದಾಟಿಹೋಯಿತು. ಇಬ್ಬರೂ ಏಳಲಿಲ್ಲ. ಇಬ್ಬರಿಗೂ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ.

"ನಿನಗೆ ಒಂದು ಲೋಟ ಟೀ ಕುಡಿಯುವಷ್ಟು ಹೊತ್ತಿನ ಗಂಡ ಮಾತ್ರ ಗೊತ್ತು" ಎಂದ ಅವನು. "ದಿನವಿಡೀ ಇರೋ ಗಂಡ ಹೇಗಿರ್ತಾನೋ, ನನಗೇ ಗೊತ್ತಿಲ್ಲ."

"ನನಗೂ ದಿನವಿಡೀ ಹೆಂಡತಿಯಾಗಿದ್ದು ಅಭ್ಯಾಸ ಇಲ್ಲ."

"ಬೇಜಾರಾದ್ರೆ?"

"ಬೇಜಾರು ಅಂತ ಹೇಳ್ತೀನಿ. ಇನ್ಮೇಲೆ ಬೇಜಾರು ಅಂದ್ರೆ ಬೇಜಾರು, ಭಯ ಅಂದ್ರೆ ಭಯ. ಒಂದಕ್ಕೊಂದು ಬದಲಾಯಿಸೋದಿಲ್ಲ."

ಅವನು ಕುರ್ಚಿಯಿಂದ ಇಳಿದು ಅವಳ ಪಕ್ಕದಲ್ಲಿ ಬಂದು ಕೂತ. ಗೋಡೆಗೆ ಒರಗಿದ. ಅವಳ ಕೈ ಹಿಡಿಯಲೋ ಬೇಡವೋ ಎಂದು ಸ್ವಲ್ಪ ಹೊತ್ತು ನೋಡಿ, ಹಿಡಿದ.

"ಈಗ ಏನು? ಬೇಜಾರಾ?"

"ಈಗ ಭಯ" ಎಂದಳು ಅವಳು.

"ನನಗೂ" ಎಂದ ಅವನು.