ಮೂರನೇ ಪೆಡಲ್

ಗುಜರಿ ಅಂಗಡಿಯ ಮೂಲೆಯಲ್ಲಿ ಆ ಪೆಡಲ್ ಸ್ಟೀಲ್ ಗಿಟಾರನ್ನು ಮೊದಲು ಕಂಡವನು ಅವನೇ. ಮೇಜಿನ ಹಾಗೆ ನಾಲ್ಕು ಕಾಲಿನ ಮೇಲೆ ನಿಲ್ಲುವ ಹಳೇ ವಾದ್ಯ. ಮೇಲೆ ತಂತಿ, ಕೆಳಗೆ ತಂತಿಯ ಸ್ವರ ಏರಿಳಿಸುವ ಪೆಡಲು, ನಡುವೆ ತುಕ್ಕು ಹಿಡಿದ ಸರಳು. ಖುಷಿ ತಡೆಯಲಾರದೆ ಸೋದರಮಾವನಿಗೆ ಫೋನ್ ಮಾಡಿದ್ದೇ ತಪ್ಪಾಯಿತು. ಮಧ್ಯಾಹ್ನದೊಳಗೆ ಮಾವ ಅದನ್ನು ಕೊಂಡು ತನ್ನ ಮನೆಗೆ ಸಾಗಿಸಿದ್ದ.

ಅಲ್ಲಿಂದೀಚೆಗೆ ರಿಪೇರಿ ಇವನದು, ಚಪ್ಪಾಳೆ ಮಾವನದು. ಸರಳು ಉಜ್ಜಿದ, ಸ್ಪ್ರಿಂಗ್ ಬದಲಿಸಿದ, ಪೆಡಲಿನ ಶ್ರುತಿ ಕೂಡಿಸುವ ಕೀಲಿ ಕಳೆದುಹೋಗಿದ್ದರಿಂದ ತಾನೇ ಒಂದನ್ನು ಅರದಲ್ಲಿ ಉಜ್ಜಿ ಮಾಡಿಕೊಂಡ. ಅದು ಸದಾ ಅವನ ಜೇಬಿನಲ್ಲೇ ಇರುತ್ತಿತ್ತು. "ನಾನು ಕಣ್ಮುಚ್ಚಿದ್ಮೇಲೆ ಇದು ನಿಂದೇ ಕಣೋ ಅಳಿಯ," ಎನ್ನುತ್ತಿದ್ದ ಮಾವ, ಅತ್ತೆಯ ಎದುರೇ.

ಈಗ ಅದೇ ಮಾವ ಫೋನಿನಲ್ಲಿ ನಗುತ್ತಿದ್ದ. "ಗಿಟಾರ್ ಮಾರ್ಬಿಟ್ಟೆ ಕಣೋ, ನಾಡಿದ್ದು ಒಬ್ಬ ಬಂದು ತಗೊಂಡು ಹೋಗ್ತಾನೆ. ಮೂರನೇ ಪೆಡಲ್ ತುಳಿದ್ರೆ ಬೆಕ್ಕಿನ ಬಾಲ ತುಳಿದಂಗೆ ಅರಚುತ್ತೆ. ನಾಳೆ ಬಂದು ಸರಿ ಮಾಡು."

"ನಂಗೆ ಕೊಡ್ತೀನಿ ಅಂದಿದ್ರಲ್ಲ ಮಾವ?"

"ನಿನ್ ಕೈ ಸ್ಪ್ಯಾನರ್ ಹಿಡಿಯೋಕೇ ಚೆಂದ ಬಿಡೋ."

"ಆಯ್ತು, ನಾಳೆ ಬರ್ತೀನಿ," ಎಂದವನು ಅವತ್ತೇ ಹೊರಟ.

ಅತ್ತೆ ಹೊಲಿಗೆ ಕ್ಲಾಸಿಗೆ ಹೋಗಿದ್ದಳು. ಹಿಂಬಾಗಿಲು ತೆರೆದ ಮಾವ, "ಇವತ್ತೇ ಬಂದ್ಬಿಟ್ಯಾ? ಪರವಾಗಿಲ್ಲ, ಬುದ್ಧಿ ಬಂತು," ಎಂದ. ಮಾವನಿಗೆ ಉಬ್ಬಸ. ತುಕ್ಕು ಬಿಡಿಸುವ ಸ್ಪ್ರೇ ಮೂಗಿಗೆ ಬಡಿದರೆ ಎದೆ ಕಟ್ಟುತ್ತದೆ. ಇಷ್ಟು ವರ್ಷವೂ ಮಾವನನ್ನು ಆಚೆ ಕಳಿಸಿಯೇ ಅದನ್ನು ಹೊಡೆಯುತ್ತಿದ್ದ. ಇವತ್ತು ಕಿಟಕಿ ಮುಚ್ಚಿ, ಮುಖದ ಹತ್ತಿರವೇ ಹೊಡೆದ. ಮಾವನ ಕೈ ಮೇಜಿನ ಮೇಲೆ ಇನ್ಹೇಲರಿಗಾಗಿ ತಡಕಾಡಿತು. ಅದಾಗಲೇ ಇವನ ಜೇಬು ಸೇರಿತ್ತು.

"ಕೊಡೋ..."

"ತಗೊಳ್ಳಿ ಮಾವ," ಎಂದು ಅಂಗೈಯಲ್ಲಿಟ್ಟು ತೋರಿಸಿ, ಮತ್ತೆ ಜೇಬಿಗಿಳಿಸಿದ.

ಸಾಯುವುದಕ್ಕೆ ಇಷ್ಟು ಹೊತ್ತು ಹಿಡಿಯುತ್ತದೆಂದು ಎಣಿಸಿರಲಿಲ್ಲ. ನೋಡಿ ನೋಡಿ ಬೇಜಾರಾಗಿ ಗಿಟಾರಿನ ಕಡೆ ತಿರುಗಿ ಪೆಡಲ್ ತುಳಿದ. ಥೂ, ಕಿವಿಗೆ ಹಿಂಸೆ! ಬಗ್ಗಿ ಕೀಲಿ ತಿರುವುತ್ತಾ, ತಂತಿ ಮೀಟುತ್ತಾ ಕಾದ. ಸ್ವರ ಕೂಡುವ ಹೊತ್ತಿಗೆ ಬೆನ್ನ ಹಿಂದಿನ ಗೊರಗೊರ ನಿಂತಿತ್ತು.

ಆಮೇಲೆ ಎಲ್ಲ ಅಚ್ಚುಕಟ್ಟು. ಕಿಟಕಿ ತೆರೆದು ವಾಸನೆ ಕಳೆದ. ಇನ್ಹೇಲರನ್ನು ಒರೆಸಿ, ಮಾವನ ಬೆರಳಿಗೊತ್ತಿ, ಕುರ್ಚಿಯಡಿ ಉರುಳಿಸಿದ. ಗಿಟಾರಿನ ಮೇಲಿನ ತನ್ನ ಬೆರಳ ಗುರುತಿಗೆ ತಲೆಕೆಡಿಸಿಕೊಳ್ಳಲಿಲ್ಲ. ಅವು ವರ್ಷಗಳಿಂದ ಇದ್ದವೇ.

ಮರುದಿನ ಡಾಕ್ಟರು ಉಬ್ಬಸ ಎಂದರು. ಅವನು ಎಲ್ಲರಿಗಿಂತ ಜೋರಾಗಿ ಅತ್ತ. "ಇವತ್ತು ಬರ್ತೀನಿ ಅಂದಿದ್ದೆ ಸಾರ್, ನಿನ್ನೆಯೇ ಬಂದಿದ್ರೆ ಉಳಿಸ್ಕೋತಿದ್ನೇನೋ," ಎಂದು ಪೊಲೀಸಿನವನೆದುರು ಗೋಳಾಡಿದ. ಅತ್ತೆ ಅವನ ಕೈ ಹಿಡಿದು ಗಿಟಾರಿನ ಬಳಿ ಕರೆದೊಯ್ದಳು. "ಅವ್ರು ಕೊಟ್ಟ ಮಾತು. ನೀನೇ ತಗೊಂಡ್ಹೋಗಪ್ಪ." ಎದೆಯೊಳಗೆ ಅವನು ಕುಣಿದ. ಅತ್ತೆ ಕಣ್ಣೊರೆಸಿಕೊಂಡು, ಕೊನೆಯ ಬಾರಿಗೆಂಬಂತೆ ಮೂರನೇ ಪೆಡಲ್ ತುಳಿದು ತಂತಿ ಮೀಟಿದಳು. ಬೆಣ್ಣೆಯಂಥ ಸ್ವರ ಎದ್ದಿತು. ಅವಳು ಮತ್ತೊಮ್ಮೆ ಮೀಟಿದಳು. "ನಿನ್ನೆ ನಾನು ಹೊರಡೋವಾಗ್ಲೂ ಅರಚ್ತಿತ್ತಲ್ಲೋ ಇದು. ಅವ್ರಿಗೆ ಬಗ್ಗೋಕೇ ಆಗಲ್ಲ. ಕೀಲಿ ಇರೋದು ಒಂದೇ, ಅದೂ ನಿನ್ ಹತ್ರ..." ಹಿಡಿದ ಕೈ ಬಿಡದೆ, ಹೊಸ್ತಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದ ಪೊಲೀಸಿನವನನ್ನು ಕೂಗಿ ಕರೆದಳು.