ಏಣಿ ಅಂಗಡಿಯವನ ಚೀಟಿ

"ರೀ! ಏನ್ ಮಾಡ್ತಿದ್ದೀರಾ? ಕೈ ತೆಗೀರಿ ಅದರಿಂದ!"

ಪುಸ್ತಕದ ಬೀರುವಿನ ಮೇಲಿನ ಅರೆಯ ಧೂಳು ಒರೆಸಲು ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತಿದ್ದವಳು ಅಲ್ಲಿಂದಲೇ ಕೂಗಿದಳು. ಸ್ಟೂಲು ವಾಲಿತು. ಕೆಳಗಿದ್ದ ಆ ಮನುಷ್ಯ ಒಂದು ಕೈಯಲ್ಲಿ ಪುಸ್ತಕ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಸ್ಟೂಲನ್ನು ಗಟ್ಟಿಯಾಗಿ ಹಿಡಿದ.

"ಮೊದಲು ಇಳೀರಿ ಮೇಡಂ, ಆಮೇಲೆ ಬೈಯಿರಿ. ಇದರ ಎಡಗಾಲು ಸತ್ತು ಎಷ್ಟೋ ದಿನ ಆಗಿದೆ."

"ನೀವು ಹರೀತಿರೋದು ಯಾವ ಚೀಟಿ ಅಂತ ಗೊತ್ತಾ?"

"ಗೊತ್ತು. ನಾನೇ ಬರೆದಿದ್ದು."

ಅವಳ ಕಾಲು ನೆಲ ಮುಟ್ಟಿತು. ಎದೆ ಮಾತ್ರ ಅಲ್ಲೇ ಮೇಲೆ ಉಳಿಯಿತು...

ಅದು ಬರೀ ವ್ಯಾಪಾರ, ಉದ್ಯಮದ ಪುಸ್ತಕಗಳ ಲೈಬ್ರರಿ. ಅವಳ ಸೋದರತ್ತೆ ಕಟ್ಟಿದ್ದು. ಅತ್ತೆಯದು ಒಂದೇ ನಿಯಮ: ಓದಿದ್ದನ್ನು ಮಾಡಿ ನೋಡಿದವರು, ಏನಾಯಿತೆಂದು ಒಂದು ಚೀಟಿಯಲ್ಲಿ ಬರೆಯಬೇಕು. ಹೆಸರು ಬೇಡ, ಕಸುಬು ಸಾಕು. ಹಿಂದಿನವರ ಚೀಟಿಯ ಅಂಚಿಗೆ ತಮ್ಮದನ್ನು ಅಂಟಿಸಿ, ಮಡಚಿ, ಹಿಂದಿನ ರಟ್ಟಿನೊಳಗೆ ಇಡಬೇಕು.

ಅತ್ತೆ ತೀರಿಕೊಂಡ ಮೇಲೆ ಎಲ್ಲವನ್ನೂ ರದ್ದಿಗೆ ಹಾಕಲೆಂದೇ ಅವಳು ಇಲ್ಲಿಗೆ ಬಂದಿದ್ದಳು. ಅಂದು ಕೈಗೆ ಸಿಕ್ಕಿದ್ದು ಈ ಪುಸ್ತಕ, ಈ ಚೀಟಿ.

'ಏಣಿ ಅಂಗಡಿ. ಮೊನ್ನೆ ಬಾಗಿಲು ಹಾಕಲು ಹೊರಟಿದ್ದೆ. ನೂರಾ ಹನ್ನೆರಡನೇ ಪುಟ ಓದಿ, ಇನ್ನೊಂದು ದಿನ ಕಾದೆ. ಬೆಳಿಗ್ಗೆ ಒಬ್ಬಾಕೆ ಬಂದರು, ಏಣಿ ಬೇಕೆಂದರು. ಮುಚ್ಚಲಿಲ್ಲ.'

ರದ್ದಿಯವನನ್ನು ಅವಳು ವಾಪಸ್ ಕಳಿಸಿದ್ದಳು. ಅದಾಗಿ ಎರಡು ವರ್ಷ. ಮನಸ್ಸು ಕುಸಿದಾಗಲೆಲ್ಲ ಆ ದುಂಡು ಅಕ್ಷರಗಳನ್ನು ತೆರೆದು ನೋಡುತ್ತಿದ್ದಳು. ಊರಿಡೀ ಹುಡುಕಿದರೂ ಏಣಿ ಅಂಗಡಿ ಮಾತ್ರ ಸಿಕ್ಕಿರಲಿಲ್ಲ.

ಇವನೇನಾ? ತಲೆಗೂದಲಲ್ಲಿ ಮರದ ಪುಡಿ ಇರುವ ಇವನೇನಾ?!

"ನಿಮ್ಮನ್ನ... ನಿಮ್ಮ ಅಂಗಡೀನ ಎಷ್ಟು ಹುಡುಕಿದೀನಿ ಗೊತ್ತಾ?"

ಅವನು ತಲೆ ತಗ್ಗಿಸಿದ.

"ಇದ್ದರೆ ತಾನೇ ಸಿಗೋದು? ಇದನ್ನ ಬರೆಯೋ ಹೊತ್ತಿಗೆ ಮುಚ್ಚಿ ಒಂದು ವಾರ ಆಗಿತ್ತು."

"ಅಂದ್ರೆ?"

"ಸುಳ್ಳು ಮೇಡಂ. ನಾನು ಕಾಯಲಿಲ್ಲ, ಯಾರೂ ಬರಲೂ ಇಲ್ಲ. ಮೇಲಿನ ಚೀಟಿಗಳಲ್ಲಿ ಎಲ್ಲರೂ ಗೆದ್ದಿದ್ರು. ಸೋತೆ ಅಂತ ಬರೆಯೋಕೆ ಕೈ ಬರಲಿಲ್ಲ. ಈಗ ಬೇರೆಯವರ ಮರಗೆಲಸದ ಅಂಗಡೀಲಿದ್ದೀನಿ, ಅಂಚೆ ಕಚೇರಿ ಹಿಂದೆ. ಇವತ್ತು ನಮ್ಮ ಬೀದಿ ದರ್ಜಿ, 'ಯಾರೋ ಪುಣ್ಯಾತ್ಮ ಬರೆದಿದ್ದಾನೆ, ಅದನ್ನ ಓದಿ ಅಂಗಡಿ ಮುಚ್ಚಲಿಲ್ಲ' ಅಂದ. ಇನ್ನೊಬ್ಬರು ನಂಬೋ ಮೊದಲು ಇದು ಹೋಗಬೇಕು."

ಎರಡು ವರ್ಷ! ಒಬ್ಬ ಸುಳ್ಳುಗಾರನ ಅಕ್ಷರಕ್ಕೆ ಮನಸ್ಸು ಕೊಟ್ಟು ಕೂತಿದ್ದೆನಾ ನಾನು?

"ಹೊರಡಿ," ಎಂದಳು. ಕಣ್ಣು ತುಂಬಿತ್ತು. "ಪುಸ್ತಕ ಅಲ್ಲಿಡಿ. ಹರಿಯೋದಾದ್ರೆ ನಾನೇ ಹರೀತೀನಿ."

ಅವನು ಹೋದ. ಅವಳು ಕತ್ತರಿ ಎತ್ತಿಕೊಂಡಳು.

ಆದರೆ ಎಲ್ಲಿ ಕತ್ತರಿಸುವುದು? ಅವನ ಚೀಟಿಯ ಅಂಚಿಗೆ ಇನ್ನೊಂದು ಚೀಟಿ, ಅದಕ್ಕೆ ಮತ್ತೊಂದು... ಅವನದನ್ನು ತೆಗೆದರೆ ಕೆಳಗಿನದೆಲ್ಲ ಕಳಚಿ ಬೀಳುತ್ತದೆ. ಇಷ್ಟು ದಿನ ಅವಳ ಕಣ್ಣು ಅವನ ಅಕ್ಷರದಲ್ಲೇ ನಿಂತುಬಿಡುತ್ತಿತ್ತು. ಅದರ ಕೆಳಗಿನದನ್ನು ಬಿಡಿಸಿಯೇ ಇರಲಿಲ್ಲ.

ಈಗ ಬಿಡಿಸಿದಳು.

ಕಾಗದ ಮೇಜು ದಾಟಿತು. ನೆಲಕ್ಕಿಳಿಯಿತು. ಬಾಗಿಲವರೆಗೂ ಚಾಚಿಕೊಂಡಿತು... ಓದುತ್ತ ಓದುತ್ತ ಅವಳು ಮಂಡಿಯೂರಿದಳು. ಕತ್ತರಿ ಎಲ್ಲಿಟ್ಟಳೆಂಬುದೇ ಮರೆತುಹೋಯಿತು.

ಮರುದಿನ ಬೆಳಿಗ್ಗೆ ಅಂಚೆ ಕಚೇರಿಯ ಹಿಂದಿನ ಅಂಗಡಿಯಲ್ಲಿ ಗರಗಸಗಳು ಒಮ್ಮೆಲೇ ನಿಂತವು. ಒಬ್ಬ ಹೆಂಗಸು ಪುಸ್ತಕ ಹಿಡಿದುಕೊಂಡು ಸೀದಾ ಒಳಗೆ ಬಂದು, ಗೋಡೆಗೆ ಒರಗಿಸಿದ್ದ ಏಣಿ ಹತ್ತುತ್ತಿದ್ದಳು.

"ಯಾರಪ್ಪಾ ಇವರು? ಬೀಳ್ತಾರೆ ಕಣೋ, ಹಿಡಿ!" ಎಂದ ಮೇಸ್ತ್ರಿ.

ಅವನು ಓಡಿ ಬಂದು ಏಣಿ ಹಿಡಿದ. "ಮೇಡಂ... ನೀವಾ?!"

ತುದಿಯ ಮೆಟ್ಟಿಲಲ್ಲಿ ನಿಂತು ಅವಳು ಹಿಂದಿನ ರಟ್ಟು ತೆರೆದು ಮಡಿಕೆಯನ್ನು ಬಿಟ್ಟಳು. ಕಾಗದ ಸರ್ರನೆ ಇಳಿಯಿತು, ಮೆಟ್ಟಿಲು ಮೆಟ್ಟಿಲಾಗಿ. ಅವನ ಪಾದದ ಬಳಿ ಬಿದ್ದೂ ಇನ್ನೂ ಮಡಿಕೆಗಳು ಉಳಿದಿದ್ದವು.

"ಓದಿ. ನಿಮ್ಮ ಚೀಟಿಯ ಕೆಳಗಿಂದ."

'ಕನ್ನಡಕದ ಅಂಗಡಿ. ಏಣಿಯವರ ಹಾಗೆ ನಾನೂ ಒಂದು ದಿನ ಕಾದೆ. ಮೂವರು ಬಂದರು.' 'ಬೊಂಬೆ ಮಾಡುವವಳು. ಕಾದೆ. ತಂಗಿ ಕೈಜೋಡಿಸಿದಳು.' 'ಗಡಿಯಾರ ರಿಪೇರಿ. ಕಾದೆ, ಯಾರೂ ಬರಲಿಲ್ಲ. ಆದರೆ ಆ ದಿನ ಅಂಗಡಿಯನ್ನೆಲ್ಲ ಒರೆಸಿ, ಅಳದೆ ಬೀಗ ಹಾಕಿದೆ.' ಮತ್ತೊಂದು... ಮತ್ತೊಂದು... ಕೊನೆಯಲ್ಲಿ ದರ್ಜಿ: 'ಇನ್ನೂ ಕಾಯುತ್ತಿದ್ದೇನೆ. ಮೂರು ವಾರದ ಮೇಲೆ ನಿನ್ನೆ ನಿದ್ದೆ ಬಂತು.'

ಅವನು ನೆಲದಲ್ಲಿ ಕೂತುಬಿಟ್ಟ. ಕಾಗದ ಮುಟ್ಟಲೂ ಹೆದರಿಕೆ.

"ಇಷ್ಟು ಜನವಾ?" ಪಿಸುಗುಟ್ಟಿದ. "ನಾನು... ಹೆದರಿ ಬರೆದಿದ್ದಕ್ಕೆ ಇಷ್ಟು ಜನವಾ?"

"ಹೂಂ. ಗಡಿಯಾರದವರನ್ನ ನೋಡಿ. ಸೋತೆ ಅಂತ ಎಷ್ಟು ಚೆನ್ನಾಗಿ ಬರೆದಿದ್ದಾರೆ!" ಅವಳು ನಿಧಾನವಾಗಿ ಇಳಿದು ಅವನೆದುರು ಕೂತಳು. ಒಂದು ಖಾಲಿ ಚೀಟಿ ಕೊಟ್ಟಳು. "ನಿಮ್ಮದನ್ನ ಹರಿಯಲ್ಲ. ಆದರೆ ನಿಜಾನೂ ಇರಲಿ. ದರ್ಜಿಯ ಕೆಳಗೆ ಬರೀರಿ."

ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದ. 'ಏಣಿ ಅಂಗಡಿ. ಅಂದು ನಾನು ಕಾಯಲಿಲ್ಲ. ಯಾರೂ...'

"ನಿಲ್ಲಿ!" ಅವಳು ಅವನ ಕೈ ಹಿಡಿದಳು. ಹಿಡಿದ ಮೇಲೆ ಬಿಡುವುದು ಮರೆತಳು. "ಬೆಳಿಗ್ಗೆ ಒಬ್ಬಾಕೆ ಬಂದರು ಅಂತ ಬರೆದಿದ್ರಲ್ಲ, ಯಾರು ಆಕೆ?"

"ಹೇಳಿದ್ನಲ್ಲ ಮೇಡಂ, ಯಾರೂ ಬರಲಿಲ್ಲ."

"ಬಂದಿದೀನಲ್ಲ... ಸ್ವಲ್ಪ ತಡ ಆಯ್ತು." ಅವಳ ಕೆನ್ನೆ ಕೆಂಪಾಯಿತು. "ನಮ್ಮ ಲೈಬ್ರರೀಲಿ ಮೇಲಿನ ಅರೆ ಕೈಗೆ ಸಿಗಲ್ಲ. ಸ್ಟೂಲಿನ ಎಡಗಾಲು ಬೇರೆ ಸತ್ತಿದೆ. ನನಗೊಂದು ಏಣಿ ಬೇಕು."

ಅವನು ಅವಳನ್ನೇ ನೋಡಿದ. ಸುಳ್ಳಾಗಿ ಬರೆದ ಸಾಲೊಂದು ಕಣ್ಣೆದುರು ಬಂದು ಕೂತು, ಮೂಗಿನ ಮೇಲೆ ಮರದ ಪುಡಿ ಹಚ್ಚಿಕೊಂಡು ನಗುತ್ತಿತ್ತು!

"ಅಳತೆ ತಗೋಬೇಕು," ಎಂದ. "ನಾಳೆ ಬರಲಾ?"

"ಇವತ್ತೇ ಬನ್ನಿ," ಎಂದಳು ಅವಳು. "ಎರಡು ವರ್ಷ ಕಾದಿದೀನಿ."